ಒಂದೇ ಮೇಜಿನ ಮುಂದೆ ಎರಡು ಪ್ರಶ್ನೆ: ಹದಿಹರೆಯದ ವ್ಯಸನ ಮತ್ತು ಮನಸ್ಸಿನ ಆರೋಗ್ಯ

(ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು, ಹಾಸ್ಟೆಲ್ ವಾರ್ಡನ್‌ಗಳು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಮನೋವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಮಾನ್ಯ ಉಪನ್ಯಾಸಕರೇ, ವಾರ್ಡನ್‌ಗಳೇ, ತಾಯಂದಿರೇ, ತಂದೆಯರೇ,

ಹದಿನಾರು ವರ್ಷದ ಮಗ ಗಾಂಜಾ ಸೇದುತ್ತಾನೆ ಎಂದು ಗೊತ್ತಾದ ದಿನ ಮನೆಯಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಆಗಿರುತ್ತವೆ. ಯಾರು ಕಲಿಸಿದರು, ಎಲ್ಲಿ ಸಿಕ್ಕಿತು, ದುಡ್ಡು ಎಲ್ಲಿಂದ ಬಂತು, ಎಷ್ಟು ದಿನದಿಂದ ನಡೆದಿದೆ ಎಂದು ಕೇಳುತ್ತಾರೆ. ಇವು ಕೇಳಬಾರದ ಪ್ರಶ್ನೆಗಳೇನಲ್ಲ. ಆದರೆ ಅವನಿಗೆ ರಾತ್ರಿ ನಿದ್ದೆ ಬರುತ್ತಿದೆಯೇ, ಕಳೆದ ಕೆಲವು ತಿಂಗಳಲ್ಲಿ ಆಟವನ್ನೂ ಗೆಳೆಯರನ್ನೂ ಯಾಕೆ ಬಿಟ್ಟ, ಬದುಕೇ ಬೇಡ ಎಂದು ಎಂದಾದರೂ ಅನ್ನಿಸಿದೆಯೇ ಎಂಬ ಪ್ರಶ್ನೆಗಳನ್ನು ಬಹುಪಾಲು ಮನೆಗಳಲ್ಲಿ ಯಾರೂ ಕೇಳಿರುವುದಿಲ್ಲ. ಇದಕ್ಕೆ ತಿರುಗುಮುರುಗಾದ ಚಿತ್ರವೂ ಉಂಟು. ಖಿನ್ನತೆ, ಆತಂಕ ಎಂದು ಆಸ್ಪತ್ರೆಗೆ ಬಂದ ಹುಡುಗಿಯ ಬಳಿ ಸಿಗರೇಟು, ಮದ್ಯ, ನಿದ್ದೆ ಮಾತ್ರೆಗಳ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಎಷ್ಟೋ ಸಲ ವೈದ್ಯರೂ ವಿಚಾರಿಸುವುದಿಲ್ಲ. ಈ ವಯಸ್ಸಿನಲ್ಲಿ ಎರಡೂ ಪ್ರಶ್ನೆಗಳನ್ನು ಒಬ್ಬರೇ, ಒಂದೇ ಕಡೆ, ಒಂದೇ ಸಲ ಕೇಳಬೇಕು ಎಂಬುದೇ ನಾನಿಂದು ನಿಮ್ಮ ಮುಂದಿಡಲು ಬಂದಿರುವ ವಿಷಯ.

ಮೊದಲು ಕೆಲವು ಅಂಕಿಅಂಶಗಳನ್ನು ನೋಡೋಣ. ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಅದರ ಪ್ರಕಾರ 10ರಿಂದ 75 ವರ್ಷದೊಳಗಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಭಂಗಿ, ಗಾಂಜಾ, ಚರಸ್ ಬಳಸುವವರು ಶೇ. 2.8. ಇದೇ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ ಇದೆ. ಮೂಗಿನಿಂದ ಎಳೆದುಕೊಳ್ಳುವ ಪದಾರ್ಥಗಳ ವಿಷಯದಲ್ಲಿ ಮಾತ್ರ ದೊಡ್ಡವರಿಗಿಂತ ಮಕ್ಕಳ ಪ್ರಮಾಣವೇ ಹೆಚ್ಚು: ದೊಡ್ಡವರಲ್ಲಿ ಶೇ. 0.58, ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇ. 1.17. ಪಂಕ್ಚರ್ ಹಾಕುವ ಸಲ್ಯೂಷನ್, ವೈಟ್ನರ್, ಪೇಂಟ್ ಥಿನ್ನರ್ ಇವೆಲ್ಲ ಇದೇ ಗುಂಪಿಗೆ ಸೇರುತ್ತವೆ. ಮದ್ಯಕ್ಕೆ ಬಿಗಿಯಾಗಿ ಅಂಟಿಕೊಂಡವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ ಎಂದೂ ಆ ವರದಿ ಹೇಳುತ್ತದೆ.

ಮನಸ್ಸಿನ ಕಾಯಿಲೆಗಳ ಕುರಿತು ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 13ರಿಂದ 17 ವರ್ಷದವರಲ್ಲಿ ಸುಮಾರು ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ ಎಂದು ಕಂಡುಕೊಂಡಿತು. ಅರವತ್ತು ಮಕ್ಕಳ ಒಂದು ಪಿಯು ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಈ ಲೆಕ್ಕದಲ್ಲಿ ಅಲ್ಲಿ ನಾಲ್ಕೈದು ಮಕ್ಕಳು. ಮನೆಗೆ ಬಂದ ಅಪರಿಚಿತ ಸಮೀಕ್ಷಕರ ಎದುರು, ಪಕ್ಕದ ಕೋಣೆಯಲ್ಲಿ ಅಪ್ಪ ಕೂತಿರುವಾಗ, ಹದಿನೈದರ ಹುಡುಗ ಎಷ್ಟರಮಟ್ಟಿಗೆ ನಿಜ ಹೇಳುತ್ತಾನೆ ಎಂಬುದನ್ನೂ ನೀವೇ ಊಹಿಸಬಲ್ಲಿರಿ.

ಈ ಎರಡು ಸಮಸ್ಯೆಗಳು ಒಂದೇ ವಯಸ್ಸಿನಲ್ಲಿ ತಲೆ ಎತ್ತುವುದು ಕಾಕತಾಳೀಯವಲ್ಲ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಜೀವಮಾನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೆ, ಮುಕ್ಕಾಲು ಪಾಲು 24 ವರ್ಷದೊಳಗೆ ಶುರುವಾಗಿರುತ್ತವೆ. ಬೀಡಿ, ಸಿಗರೇಟು, ಗುಟ್ಕಾ, ಬಿಯರ್ ಇವುಗಳ ಮೊದಲ ರುಚಿಯೂ ಹೆಚ್ಚಾಗಿ ಇದೇ ಹತ್ತು ವರ್ಷಗಳ ಅಂತರದಲ್ಲಿಯೇ ಸಿಗುತ್ತದೆ. ಮಿದುಳಿನಲ್ಲಿ ಸುಖ, ರೋಮಾಂಚನ, ಗೆಳೆಯರ ಮೆಚ್ಚುಗೆ ಇವುಗಳಿಗೆ ಸ್ಪಂದಿಸುವ ಭಾಗಗಳು ಹದಿಹರೆಯದ ಆರಂಭದಲ್ಲಿಯೇ ಚುರುಕಾಗುತ್ತವೆ. ಮುಂದಿನ ಪರಿಣಾಮವನ್ನು ತೂಗಿ ನೋಡಿ ಕೈ ತಡೆಯುವ ಹಣೆಯ ಹಿಂಭಾಗದ ಮಿದುಳು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಈ ನಡುವಿನ ಅವಧಿಯಲ್ಲಿ ಮಿದುಳು ಬೇಗ ಕಲಿಯುತ್ತದೆ, ಕಲಿತದ್ದನ್ನು ಗಟ್ಟಿಯಾಗಿ ಉಳಿಸಿಕೊಳ್ಳುತ್ತದೆ. ಗಣಿತವನ್ನೂ ಹಾಗೆಯೇ, ನಿಕೋಟಿನನ್ನೂ ಹಾಗೆಯೇ. ಹದಿನೈದಕ್ಕಿಂತ ಮೊದಲೇ ಕುಡಿಯಲು ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಮುಂದೆ ಎಂದಾದರೊಮ್ಮೆ ಮದ್ಯವ್ಯಸನಕ್ಕೆ ಒಳಗಾದರು, ಇಪ್ಪತ್ತು ದಾಟಿದ ಮೇಲೆ ಆರಂಭಿಸಿದವರಲ್ಲಿ ಆ ಪ್ರಮಾಣ ನೂರಕ್ಕೆ ಹತ್ತರಷ್ಟಿತ್ತು ಎಂದು 1997ರ ಇನ್ನೊಂದು ಅಮೆರಿಕನ್ ಅಧ್ಯಯನ ತೋರಿಸಿತು. ಬೇಗ ಆರಂಭಿಸುವ ಮಕ್ಕಳಿಗೆ ಮನೆಯ ಕಷ್ಟಗಳೂ ಹೆಚ್ಚಿರುತ್ತವೆ, ಆದ್ದರಿಂದ ಇಡೀ ವ್ಯತ್ಯಾಸವನ್ನು ವಯಸ್ಸಿನ ಮೇಲೆಯೇ ಹೊರಿಸುವಂತಿಲ್ಲ. ಆದರೂ ಮೊದಲ ಗುಟುಕನ್ನು ಎರಡು ವರ್ಷ ಮುಂದಕ್ಕೆ ಹಾಕಿಸಲು ಸಾಧ್ಯವಾದರೆ ಅದು ಸಣ್ಣ ಗೆಲುವಲ್ಲ ಎಂದು ನಾನು ನಂಬಿದ್ದೇನೆ.

ಈಗ ಒಬ್ಬ ಹುಡುಗನ ಕತೆ ಹೇಳುತ್ತೇನೆ. ಅವನು ಒಬ್ಬನಲ್ಲ, ನಾನು ಕಂಡ ಹಲವರ ವಿವರಗಳನ್ನು ಬೆರೆಸಿ, ಯಾರ ಗುರುತೂ ಸಿಗದಂತೆ ಮಾಡಿ ಹೇಳುತ್ತಿದ್ದೇನೆ. ಹೋಬಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಊರೇ ಹೆಮ್ಮೆಪಡುವಂತೆ ಅಂಕ ತೆಗೆದವನು. ಅಪ್ಪ ಸಾಲ ಮಾಡಿ ನಗರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿಸಿದರು. ಭೌತಶಾಸ್ತ್ರದ ಪಾಠ ಏಕಾಏಕಿ ಇಂಗ್ಲಿಷಿನಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ನೀಟ್ ತರಬೇತಿ. ಮೊದಲ ಕಿರುಪರೀಕ್ಷೆಯಲ್ಲಿ ಜೀವನದಲ್ಲಿ ಮೊದಲ ಬಾರಿಗೆ ಅನುತ್ತೀರ್ಣನಾದ. ಅದನ್ನು ಊರಿಗೆ ಫೋನ್ ಮಾಡಿ ಹೇಳಲು ಬಾಯಿ ಬರಲಿಲ್ಲ. ನಿದ್ದೆ ಹೋಯಿತು, ಊಟ ಸೇರದಾಯಿತು, ತರಗತಿಯಲ್ಲಿ ಎದ್ದು ನಿಂತರೆ ಎದೆ ಹೊಡೆದುಕೊಳ್ಳತೊಡಗಿತು. ಮೂರು ತಿಂಗಳು ಇದು ಯಾರ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಅವನು ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಹಾಸ್ಟೆಲಿನ ಹಿರಿಯ ಹುಡುಗನೊಬ್ಬ ಒಂದು ರಾತ್ರಿ ಟೆರೇಸಿನ ಮೇಲೆ ಸೊಪ್ಪು, ಅಂದರೆ ಗಾಂಜಾ, ಕೊಟ್ಟ. ಅಂದು ಅವನು ತಿಂಗಳುಗಳ ನಂತರ ಚೆನ್ನಾಗಿ ನಿದ್ದೆ ಮಾಡಿದ.

ಆ ನಿದ್ದೆಯ ಬೆಲೆ ಏನು ಎಂಬುದು ನಮಗೆ ಅರ್ಥವಾಗದಿದ್ದರೆ ಅವನಿಗೆ ಚಿಕಿತ್ಸೆ ಮಾಡಲು ನಮ್ಮಿಂದಾಗದು. ‘ಕೆಟ್ಟ ಸಹವಾಸ’ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ಆ ಹಿರಿಯ ಹುಡುಗ ಇಲ್ಲದಿದ್ದರೆ ಬಹುಶಃ ಗಾಂಜಾ ಕೈಗೆ ಸಿಗುತ್ತಿರಲಿಲ್ಲ. ಆದರೆ ಅದೇ ಟೆರೇಸಿನಲ್ಲಿ ಕೂತ ಐವರಲ್ಲಿ ನಾಲ್ವರು ನಾಲ್ಕು ದಿನ ಸೇದಿ ಬಿಟ್ಟರು, ಇವನಿಗೆ ಬಿಡಲಾಗಲಿಲ್ಲ. ಅವರಿಗೆ ಅದು ಮೋಜು, ಇವನಿಗೆ ಔಷಧಿ. ಎಂಟು ತಿಂಗಳ ನಂತರ ಸಹಪಾಠಿಗಳು ತನ್ನ ಬಗ್ಗೆಯೇ ಪಿಸುಗುಟ್ಟುತ್ತಾರೆ, ಮೊಬೈಲಿನಲ್ಲಿ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂದು ಹೇಳತೊಡಗಿದ. ಮನೆಯವರು ಮೊದಲು ಗಾಳಿ ಸೋಕಿದೆ ಎಂದರು, ದೇವಸ್ಥಾನಕ್ಕೆ ಕರೆದೊಯ್ದರು, ತಾಯತ ಕಟ್ಟಿಸಿದರು. ಆಸ್ಪತ್ರೆಗೆ ಬರುವಷ್ಟರಲ್ಲಿ ಒಂದು ಇಡೀ ಶೈಕ್ಷಣಿಕ ವರ್ಷ ಕಳೆದಿತ್ತು.

ಗಾಂಜಾ ಸೇದಿದವರಿಗೆಲ್ಲ ಹೀಗಾಗುತ್ತದೆಯೇ? ಇಲ್ಲ. ಇದನ್ನು ಮಕ್ಕಳ ಎದುರು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹುಚ್ಚು ಹಿಡಿದೇ ಹಿಡಿಯುತ್ತದೆ ಎಂದು ಹೆದರಿಸಿದರೆ, ಸೇದಿಯೂ ಆರಾಮವಾಗಿರುವ ಗೆಳೆಯನನ್ನು ನೋಡಿದ ಹುಡುಗ ನಮ್ಮ ಮುಂದಿನ ಯಾವ ಮಾತನ್ನೂ ನಂಬುವುದಿಲ್ಲ. ಆದರೆ ಅಪಾಯ ನಿಜವಾದದ್ದು. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ದಶಕಗಳಿಂದ ಗಮನಿಸುತ್ತ ಬಂದಿದ್ದಾರೆ. ಹದಿನೈದಕ್ಕೇ ಗಾಂಜಾ ಬಳಸುತ್ತಿದ್ದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ 26ರ ಹೊತ್ತಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯನ್ನು ಹೋಲುವ ಚಿತ್ತವಿಕಲತೆ ಕಂಡಿತು. ಬಳಸದವರಲ್ಲಿ ಅದು ನೂರಕ್ಕೆ ಮೂರು. ಹನ್ನೊಂದನೇ ವಯಸ್ಸಿನಲ್ಲಿಯೇ ವಿಚಿತ್ರ ಅನುಭವಗಳನ್ನು ಹೇಳಿಕೊಂಡಿದ್ದ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಕಿರಿದಾಯಿತು ಎಂಬುದೂ ಅದೇ ಅಧ್ಯಯನದ ಭಾಗ. ಅಂದರೆ ಕೆಲವರ ಮನಸ್ಸು ಮೊದಲೇ ನಾಜೂಕಾಗಿರುತ್ತದೆ, ಗಾಂಜಾ ಅಲ್ಲಿಯೇ ಹೆಚ್ಚು ಹಾನಿ ಮಾಡುತ್ತದೆ. ಯುರೋಪು ಮತ್ತು ಬ್ರೆಜಿಲಿನ ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಂಶೋಧನೆ, ತೀಕ್ಷ್ಣ ಗಾಂಜಾವನ್ನು ದಿನವೂ ಬಳಸುವವರಿಗೆ ಚಿತ್ತವಿಕಲತೆ ಬರುವ ಸಂಭವ ಎಂದೂ ಬಳಸದವರಿಗಿಂತ ಐದು ಪಟ್ಟಿನ ಹತ್ತಿರ ಎಂದು ತೋರಿಸಿತು. ವಂಶದಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಆ ಮನೆಯ ಮಕ್ಕಳಿಗೆ ಈ ವಿಷಯವನ್ನು ಮುಚ್ಚಿಡದೆ ತಿಳಿಸಬೇಕು. ‘ದೊಡ್ಡಪ್ಪನ ವಿಷಯ ಮಕ್ಕಳ ಮುಂದೆ ಎತ್ತಬೇಡಿ’ ಎನ್ನುವ ನಮ್ಮ ಮನೆಗಳ ಮೌನ, ಮಕ್ಕಳಿಗೆ ಅತಿ ಅಗತ್ಯವಾದ ಎಚ್ಚರಿಕೆಯೊಂದನ್ನು ತಪ್ಪಿಸಿಬಿಡುತ್ತದೆ.

ತಂಬಾಕಿನ ಬಗ್ಗೆ ಇಷ್ಟು ಹೇಳಬೇಕು. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ತಂಬಾಕು ಬಳಸುವವರ ಪ್ರಮಾಣ ದೇಶದ ಸರಾಸರಿ ಶೇ. 8.5 ಇದ್ದರೆ ಕರ್ನಾಟಕದ್ದು ಶೇ. 1.2 ಮಾತ್ರ. ಸಮಾಧಾನದ ಸಂಗತಿಯೇ ಸರಿ, ಆದರೆ ಅದು ಶಾಲೆಗೆ ಬರುವ ಮಕ್ಕಳ ಲೆಕ್ಕ. ಶಾಲೆ ಬಿಟ್ಟು ಗ್ಯಾರೇಜಿಗೆ, ಗಾರೆ ಕೆಲಸಕ್ಕೆ, ಹೋಟೆಲಿಗೆ ಸೇರಿದ ಹದಿನಾಲ್ಕರ ಹುಡುಗ ಆ ಲೆಕ್ಕದಲ್ಲಿಲ್ಲ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲಿಯೇ ನಿಷೇಧಿಸಿತು. ಆ ಬಳಿಕ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಎಂದು ಜೋಡಿಯಾಗಿ ತೂಗುಹಾಕಿ ಮಾರುವುದು ಶುರುವಾಯಿತು. ಈಚೆಗೆ ಕರ್ನಾಟಕದ ತಿದ್ದುಪಡಿ ಕಾಯ್ದೆ ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ ಹುಕ್ಕಾ ಬಾರುಗಳನ್ನೂ ನಿಷೇಧಿಸಿದೆ. ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕಾದ ಅಂಶ ಇನ್ನೊಂದು. ಸಿಗರೇಟು ಟೆನ್ಷನ್ ಕಡಿಮೆ ಮಾಡುತ್ತದೆ ಎಂದು ಹುಡುಗರು ಹೇಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿಲ್ಲ. ರಕ್ತದಲ್ಲಿ ನಿಕೋಟಿನ್ ಇಳಿದಾಗ ಚಡಪಡಿಕೆ ಬರುತ್ತದೆ, ಮುಂದಿನ ಸಿಗರೇಟು ಅದನ್ನು ತಣಿಸುತ್ತದೆ. ತಾನೇ ಹುಟ್ಟುಹಾಕಿದ ಕಳವಳವನ್ನು ತಾನೇ ಶಮನ ಮಾಡುವ ಈ ಚಕ್ರ ಸೇದುವವನಿಗೆ ಒಳಗಿನಿಂದ ಕಾಣುವುದಿಲ್ಲ. ಬಿಟ್ಟು ಕೆಲವು ವಾರ ಕಳೆದ ಮೇಲೆ ಆತಂಕ ಮೊದಲಿಗಿಂತ ಕಡಿಮೆಯಾಗುತ್ತದೆ ಎಂದರೆ ಹೆಚ್ಚಿನವರಿಗೆ ನಂಬಿಕೆ ಬರುವುದಿಲ್ಲ. ಬಿಟ್ಟವರೇ ಬಂದು ಹೇಳಬೇಕು.

ಮದ್ಯವೂ ಇದೇ ಜಾತಿಯದು. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಭಾಗದಲ್ಲಿ ಎಚ್ಚರವಾಗಿ ಮರುದಿನ ಮನಸ್ಸು ಇನ್ನಷ್ಟು ಭಾರವಾಗುತ್ತದೆ. ಖಿನ್ನತೆಯಿಂದ ಕುಡಿತ, ಕುಡಿತದಿಂದ ಖಿನ್ನತೆ, ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹಾಗೆ ಜೊತೆಯಾಗಿಯೇ ಹೆಜ್ಜೆ ಹಾಕುತ್ತವೆ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಗ್ಗದ ವಿಸ್ಕಿಯ ಪುಟ್ಟ ಪ್ಯಾಕೆಟ್ಟುಗಳು ಅದರ ಜಾಗವನ್ನು ತುಂಬಿದವು, ಅವು ಜೇಬಿನಲ್ಲಿ ಅಡಗುವಷ್ಟು ಚಿಕ್ಕವು. ಅಮಲಿನಲ್ಲಿದ್ದಾಗ ದುಡುಕುತನ ಹೆಚ್ಚುತ್ತದೆ, ಹೀಗಾಗಿ ಸಾಯುವ ಯೋಚನೆ ಇರುವ ಯುವಕನ ಕೈಯಲ್ಲಿ ಮದ್ಯ ಇರುವುದು ತುರ್ತು ಸ್ಥಿತಿ ಎಂದೇ ತಿಳಿಯಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ಕಳೆದುಕೊಂಡರು. ಬದುಕು ಬೇಡ ಅನ್ನಿಸಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲವೇ ಎಂದು ಉಪನ್ಯಾಸಕರು ನನ್ನನ್ನು ಅನೇಕ ಬಾರಿ ಕೇಳಿದ್ದಾರೆ. ಹಾಗಾಗುವುದಿಲ್ಲ. ಕೇಳುವುದರಿಂದ ಹಾನಿಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಹೆಚ್ಚಿನ ಮಕ್ಕಳಿಗೆ ಯಾರೋ ಕೇಳಿದರಲ್ಲ ಎಂಬ ನಿರಾಳ ಸಿಗುತ್ತದೆ. ದಯವಿಟ್ಟು ಕೇಳಿ.

ಸಲ್ಯೂಷನ್ ಎಳೆಯುವ ಮಕ್ಕಳು ಹೆಚ್ಚಾಗಿ ಬೀದಿಯಲ್ಲಿ, ಬಸ್ ನಿಲ್ದಾಣಗಳಲ್ಲಿ, ಚಿಂದಿ ಆಯುವ ಕೆಲಸದಲ್ಲಿ ಇರುವವರು. ಹಸಿವನ್ನೂ ಚಳಿಯನ್ನೂ ಮರೆಯಲು ಅದನ್ನು ಬಳಸುತ್ತಾರೆ. ಅದರಲ್ಲಿನ ಟೊಲ್ಯೂಯಿನ್ ನರಗಳನ್ನು ಹಾಳು ಮಾಡುತ್ತದೆ. ಮೊದಲ ಸಲವೇ ಹೃದಯದ ಬಡಿತ ಏರುಪೇರಾಗಿ ಸಾವು ಬಂದ ಪ್ರಸಂಗಗಳೂ ಇವೆ. ಅವರು ಈ ಸಭೆಯಲ್ಲಿರುವ ಯಾರ ಮಕ್ಕಳೂ ಅಲ್ಲ ಎಂಬ ಕಾರಣಕ್ಕೆ ನಾನು ಆ ಮಾತನ್ನು ಬಿಟ್ಟು ಹೋಗಲಾರೆ. ಅಂಥ ಮಗುವನ್ನು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾವ ಮಕ್ಕಳಿಗೆ ಹೆಚ್ಚು ಅಪಾಯ ಎಂಬುದನ್ನು ಮೊದಲೇ ತಿಳಿಯಬಹುದೇ? ಬೆಂಗಳೂರಿನಲ್ಲಿ ಕೇಂದ್ರವಿರುವ ‘ಸಿ-ವೇದ’ ಎಂಬ ಅಧ್ಯಯನ ಇದೇ ಪ್ರಶ್ನೆಯನ್ನು ಹಿಡಿದು ಹೊರಟಿದೆ. ಮೈಸೂರೂ ಸೇರಿದಂತೆ ದೇಶದ ಹಲವು ಕಡೆಗಳಿಂದ 6ರಿಂದ 23 ವರ್ಷದೊಳಗಿನ ಸುಮಾರು ಒಂಬತ್ತು ಸಾವಿರ ಮಂದಿ ಅದರಲ್ಲಿ ಪಾಲ್ಗೊಂಡಿದ್ದಾರೆ. ಅವರ ಮನೆಯ ವಾತಾವರಣ, ಸ್ವಭಾವ, ಅನುವಂಶಿಕತೆ, ಮಿದುಳಿನ ಬೆಳವಣಿಗೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಲಾಗುತ್ತಿದೆ. ಇಲ್ಲಿಯವರೆಗಿನ ಜಗತ್ತಿನ ಅನುಭವದಿಂದ ಇಷ್ಟಂತೂ ಗೊತ್ತಾಗಿದೆ: ತಂದೆ ಅಥವಾ ತಾಯಿಗೆ ಮದ್ಯವ್ಯಸನವಿರುವ ಮಕ್ಕಳು, ಬಾಲ್ಯದಲ್ಲಿ ಹೊಡೆತ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದವರು, ಮತ್ತು ಒಂದು ಕಡೆ ಕೂರಲಾಗದ, ಗಮನ ನಿಲ್ಲದ, ಯೋಚಿಸುವ ಮೊದಲೇ ಮಾಡಿಬಿಡುವ ಮಕ್ಕಳು ಹೆಚ್ಚು ಅಪಾಯದಲ್ಲಿರುತ್ತಾರೆ. ಕೊನೆಯ ಗುಂಪಿನ ಮಕ್ಕಳಲ್ಲಿ ಹಲವರಿಗೆ ಎಡಿಎಚ್‌ಡಿ ಇರುತ್ತದೆ. ನಮ್ಮ ಶಾಲೆಗಳಲ್ಲಿ ಅವರಿಗೆ ತರ್ಲೆ, ಉಡಾಳ ಎಂಬ ಬಿರುದು ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ. ಮಾತ್ರೆ ಕೊಟ್ಟರೆ ಮಾತ್ರೆಗೇ ಚಟ ಹತ್ತೀತು ಎಂದು ಪೋಷಕರು ಹಿಂಜರಿಯುತ್ತಾರೆ. ವೈದ್ಯರ ನಿಗಾದಲ್ಲಿ ಕೊಟ್ಟ ಚಿಕಿತ್ಸೆಯಿಂದ ಮುಂದಿನ ವ್ಯಸನದ ಅಪಾಯ ಹೆಚ್ಚುವುದಿಲ್ಲ ಎಂಬುದು ಅನೇಕ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಏಳನೇ ವಯಸ್ಸಿನಲ್ಲಿ ಆಗಬೇಕಿದ್ದ ಕೆಲಸವನ್ನು ಹದಿನೇಳರಲ್ಲಿ ಮಾಡಲು ಹೊರಟಾಗ ನಮ್ಮೆಲ್ಲರ ಶ್ರಮ ಹಲವು ಪಟ್ಟು ಹೆಚ್ಚಾಗಿರುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅವರಲ್ಲಿ ಬಳಕೆ ಕಡಿಮೆ ಎಂಬುದು ನಿಜ, ಆದರೆ ಬಚ್ಚಿಡುವುದು ಹೆಚ್ಚು, ಬಯಲಾದಾಗ ಆಗುವ ಶಿಕ್ಷೆಯೂ ಹೆಚ್ಚು. ಅಣ್ಣ ಕುಡಿದು ಬಂದರೆ ಬೈಗುಳದಲ್ಲಿ ಮುಗಿಯುವ ವಿಷಯ ತಂಗಿಯದಾದರೆ ಕಾಲೇಜು ಬಿಡಿಸಿ ಮದುವೆ ಮಾಡುವಲ್ಲಿಗೆ ಹೋಗುತ್ತದೆ. ಹೀಗಿರುವಾಗ ಅವರು ಸಹಾಯ ಕೇಳಿ ಬಾಗಿಲು ತಟ್ಟುವುದಾದರೂ ಹೇಗೆ? ಚಿಕಿತ್ಸಾ ಕೇಂದ್ರಗಳೂ ಬಹುತೇಕ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದಂಥವು.

ಇನ್ನು ಚಿಕಿತ್ಸೆಯ ವಿಷಯ. ನಮ್ಮಲ್ಲಿ ಎರಡು ಬಗೆಯ ಸಾಗಹಾಕುವಿಕೆ ನಡೆಯುತ್ತದೆ. ಮನೋವೈದ್ಯರ ಬಳಿ ಹೋದರೆ ಮೊದಲು ಚಟ ಬಿಡಿಸಿಕೊಂಡು ಬನ್ನಿ ಎನ್ನುತ್ತಾರೆ. ಡಿ-ಅಡಿಕ್ಷನ್ ಕೇಂದ್ರಕ್ಕೆ ಹೋದರೆ ಮಾನಸಿಕ ಸಮಸ್ಯೆ ಇರುವವರನ್ನು ನಾವು ಸೇರಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ಇವೆರಡರ ನಡುವೆ ಆ ಹುಡುಗನೂ ಅವನ ತಾಯಿಯೂ ಬಸ್ ಹತ್ತಿ ಇಳಿಯುತ್ತಲೇ ಇರುತ್ತಾರೆ. ಯಾವುದು ಮೊದಲು ಬಂತು ಎಂದು ಗೊತ್ತುಮಾಡಿಕೊಳ್ಳಲು ನಾವು ಒಂದು ಕೆಲಸ ಮಾಡುತ್ತೇವೆ. ಹುಡುಗನ ಪಕ್ಕದಲ್ಲಿ ಕೂತು, ಒಂದು ಹಾಳೆಯ ಮೇಲೆ ಹತ್ತು ವರ್ಷದಿಂದ ಇಂದಿನವರೆಗೆ ಗೆರೆ ಎಳೆದು, ಮೇಲ್ಭಾಗದಲ್ಲಿ ಮನಸ್ಸಿಗೆ ಆದದ್ದನ್ನೂ ಕೆಳಭಾಗದಲ್ಲಿ ಸೇವಿಸಿದ್ದನ್ನೂ ಬರೆಯುತ್ತ ಹೋಗುತ್ತೇವೆ. ಅಪ್ಪನ ಸಾವು, ಶಾಲೆ ಬದಲಾದದ್ದು, ಮೊದಲ ಬೀಡಿ, ಮೊದಲ ನಿದ್ದೆಗೇಡು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದು ಕೂರುತ್ತವೆ. ಅಮಲು ಪದಾರ್ಥದಿಂದಲೇ ಬಂದ ಖಿನ್ನತೆಯಾದರೆ ಬಿಟ್ಟ ನಂತರ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಇಳಿಯುತ್ತದೆ. ಹಾಗೆಂದು ಎಲ್ಲರ ವಿಷಯದಲ್ಲೂ ಆ ತಿಂಗಳು ಕಾಯುತ್ತ ಕೂರುವಂತಿಲ್ಲ. ಚಟಕ್ಕೆ ಮೊದಲೇ ಖಿನ್ನತೆ ಇತ್ತು ಎಂದು ಗೆರೆ ತೋರಿಸಿದರೆ, ಅಥವಾ ಸಾಯುವ ಮಾತು ಬಂದಿದ್ದರೆ, ಎರಡಕ್ಕೂ ಅದೇ ದಿನ ಚಿಕಿತ್ಸೆ ಆರಂಭಿಸಬೇಕು.

ಚಿಕಿತ್ಸೆಯ ಬಹುಪಾಲು ಮಾತುಕತೆಯೇ. ಬಿಡು ಎಂದು ಹೇಳುವುದಕ್ಕೆ ಮೊದಲು, ಅದರಿಂದ ನಿನಗೇನು ಸಿಗುತ್ತಿದೆ ಎಂದು ಕೇಳುತ್ತೇವೆ. ಏನು ಕಳೆದುಕೊಳ್ಳುತ್ತಿದ್ದೀಯ ಎಂಬುದು ಅವನ ಬಾಯಿಂದಲೇ ಬರಬೇಕು. ಆಸೆ ಉಕ್ಕುವ ಸಮಯ, ಸ್ಥಳ, ಜನ ಯಾವುದು ಎಂದು ಗುರುತಿಸಿ, ಆ ಗಳಿಗೆಯನ್ನು ದಾಟುವ ದಾರಿಗಳನ್ನು ಅಭ್ಯಾಸ ಮಾಡಿಸುತ್ತೇವೆ. ನಿದ್ದೆಯನ್ನು ಬೇರೆ ರೀತಿಯಲ್ಲಿ ಸರಿಪಡಿಸುತ್ತೇವೆ, ಆತಂಕಕ್ಕೆ ಪ್ರತ್ಯೇಕ ಚಿಕಿತ್ಸೆ ಕೊಡುತ್ತೇವೆ. ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತೇವೆ, ಏಕೆಂದರೆ ಹುಡುಗ ಮರಳಿ ಹೋಗುವುದು ಅದೇ ಮನೆಗೆ. ದಿನವೂ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಎರಡು-ನಾಲ್ಕು ದಿನಗಳಲ್ಲಿ ಸನ್ನಿ ಕಾಣಿಸಿಕೊಳ್ಳಬಹುದು, ಅದರಿಂದ ಸಾವೂ ಬರಬಹುದು. ಆದ್ದರಿಂದ ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡವೇ ಬೇಡ.

ಬೇಡ ಎನ್ನಬೇಕಾದ ಇನ್ನೂ ಎರಡು ಸಂಗತಿಗಳಿವೆ. ‘ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ಗೋಡೆಗಳ ಮೇಲೆ ನೀವು ನೋಡಿರುತ್ತೀರಿ. ಅಂಥ ಪುಡಿಗಳಲ್ಲಿ ಏನಿದೆ ಎಂದು ಕೊಡುವವರಿಗೂ ತಿಳಿದಿರುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆಯನ್ನು ತೆಗೆದುಕೊಂಡಿರುವವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ರೋಗಿಗೆ ಪೂರ್ಣವಾಗಿ ತಿಳಿಸಿ, ಅವನ ಒಪ್ಪಿಗೆಯಿಂದ ಮಾತ್ರ ಕೊಡುವ ಔಷಧಿ ಅದು. ಎರಡನೆಯದು, ಹೊಡೆದು, ಕಟ್ಟಿಹಾಕಿ ಚಟ ಬಿಡಿಸುವ ಕೇಂದ್ರಗಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ತಂದಿದೆ. ಅದೇ ಕಾಯ್ದೆಯ 95ನೇ ಕಲಂ ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಸೇರಿಸುವ ಮುನ್ನ ಕೇಂದ್ರಕ್ಕೆ ನೋಂದಣಿ ಇದೆಯೇ, ಮನೋವೈದ್ಯರು ನಿಜವಾಗಿಯೂ ಬರುತ್ತಾರೆಯೇ, ಮಗನನ್ನು ಭೇಟಿಯಾಗಲು ಬಿಡುತ್ತಾರೆಯೇ ಎಂದು ಕೇಳಿ. ಹದಿನೆಂಟು ತುಂಬದವರನ್ನು ದೊಡ್ಡವರ ವಾರ್ಡಿನಲ್ಲಿ ಇರಿಸುವಂತಿಲ್ಲ ಎಂಬುದನ್ನೂ ನೆನಪಿಡಿ.

ಕಾಲೇಜುಗಳಿಗೆ ಬರುತ್ತೇನೆ. ಮಾದಕ ವಸ್ತು ವಿರೋಧಿ ದಿನವಾದ ಜೂನ್ 26ರಂದು ಜಾಥಾ ನಡೆಯುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ, ಪ್ರಬಂಧ ಸ್ಪರ್ಧೆಗೆ ಬಹುಮಾನ ಕೊಡಲಾಗುತ್ತದೆ. ಅದರಲ್ಲಿ ದುಡಿಯುವವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಬರೀ ಭಾಷಣದಿಂದ ಬಳಕೆ ಇಳಿಯುವುದಿಲ್ಲ ಎಂಬುದಕ್ಕೆ ಪುರಾವೆ ಇದೆ. ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಪೊಲೀಸರು ತರಗತಿಗೆ ಬಂದು ಪಾಠ ಹೇಳುತ್ತಿದ್ದರು; ಅದು ಬಹಳ ಜನಪ್ರಿಯವಾಯಿತು, ಆದರೆ ಪದೇ ಪದೇ ನಡೆದ ಮೌಲ್ಯಮಾಪನಗಳಲ್ಲಿ ಅದರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದು ತಿಳಿಯಿತು. ಐಸ್‌ಲೆಂಡ್ ಬೇರೆ ದಾರಿ ಹಿಡಿಯಿತು. ಮಕ್ಕಳಿಗೆ ಸಂಜೆಯ ಹೊತ್ತು ಆಟ, ಸಂಗೀತ, ಕಲೆಗೆ ಸರ್ಕಾರವೇ ಅವಕಾಶ ಕಲ್ಪಿಸಿತು, ತಂದೆತಾಯಿ ಮಕ್ಕಳೊಡನೆ ಹೆಚ್ಚು ಹೊತ್ತು ಕಳೆಯುವಂತೆ ಒತ್ತಾಯಿಸಿತು. ಹದಿನೈದು-ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದ್ದವರು 1998ರಲ್ಲಿ ಶೇ. 42 ಇದ್ದದ್ದು 2016ಕ್ಕೆ ಶೇ. 5ಕ್ಕೆ ಇಳಿಯಿತು. ಅದು ಪುಟ್ಟ, ಶ್ರೀಮಂತ ದೇಶ. ಹಾಗೆಯೇ ನಕಲು ಮಾಡಲಾಗದು. ಆದರೂ ನೀಟ್, ಸಿಇಟಿ ಹೆಸರಿನಲ್ಲಿ ಆಟದ ಮೈದಾನಕ್ಕೆ ಬೀಗ ಹಾಕಿ, ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಮಕ್ಕಳನ್ನು ಕೂರಿಸುವ ನಮ್ಮ ವಸತಿ ಕಾಲೇಜುಗಳು ಇದನ್ನು ಓದಿ ಸ್ವಲ್ಪ ಯೋಚಿಸಬೇಕು.

ಸಿಕ್ಕಿಬಿದ್ದ ಹುಡುಗನಿಗೆ ಟಿಸಿ ಕೊಟ್ಟು ಕಳಿಸುವ ರೂಢಿಯ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಅದರಿಂದ ಕಾಲೇಜಿನ ಹೆಸರು ಉಳಿಯಬಹುದು, ಹುಡುಗ ಉಳಿಯುವುದಿಲ್ಲ. ಮಾರುವವನನ್ನೂ ಬಳಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಏಳು ವರ್ಷದವರೆಗೆ ಕಠಿಣ ಸಜೆ ವಿಧಿಸುತ್ತದೆ. ಆ ಕಾನೂನನ್ನು ಗೇಟಿನ ಎದುರಿನ ಅಂಗಡಿಯವನ ಮೇಲೆ ಬಳಸಿ. ಬಳಸುವ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ತರಗತಿಯಲ್ಲಿ ಅವನ ಜಾಗ ಹಾಗೆಯೇ ಇರಲಿ.

ಎಲ್ಲಿಗೆ ಕರೆತರುವುದು? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ಶುಲ್ಕವಿಲ್ಲ. ಮಾದಕ ವಸ್ತುಗಳ ವಿಷಯಕ್ಕೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ದೇಶಕ್ಕೆ ಮಾದರಿಯಾದ ಆ ಕಾರ್ಯಕ್ರಮವನ್ನು ನಿಮ್ಹಾನ್ಸ್ ಮೊದಲು ರೂಪಿಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿಯೇ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಜಿಲ್ಲೆಗಳಲ್ಲಿ ಯುವ ಸ್ಪಂದನ ಕೇಂದ್ರಗಳಿವೆ, ಅಲ್ಲಿ ಮಾತಿಗೆ ಸಿಗುವವರೂ ಯುವಕ ಯುವತಿಯರೇ, ಆದ್ದರಿಂದ ಮೊದಲ ಮಾತು ಅಲ್ಲಿ ಸುಲಭವಾಗಿ ಹೊರಬರುತ್ತದೆ. ಇವೆಲ್ಲ ಸಾಲುತ್ತವೆಯೇ ಎಂದರೆ ಸಾಲುವುದಿಲ್ಲ. ಆದರೆ ಇರುವುದನ್ನೂ ನಾವು ಪೂರ್ತಿಯಾಗಿ ಬಳಸುತ್ತಿಲ್ಲ.

ಉಪನ್ಯಾಸದ ನಂತರ ತಾಯಿಯೊಬ್ಬರು ಎದ್ದು ನಿಂತು, ‘ಡಾಕ್ಟರೇ, ಮಗನ್ನ ಆಸ್ಪತ್ರೆಗೆ ಕರ್ಕೊಂಡು ಬಂದ್ರೆ ಪೊಲೀಸರಿಗೆ ಗೊತ್ತಾಗಲ್ವಾ? ನಾಳೆ ಅವನಿಗೆ ಕೆಲಸ ಸಿಗ್ದೇ ಹೋದ್ರೆ?’ ಎಂದು ಕೇಳಿದರು. ಸಭೆಯಲ್ಲಿದ್ದ ಹಲವರ ಮನಸ್ಸಿನಲ್ಲಿ ಇದ್ದ ಪ್ರಶ್ನೆಯೇ ಅದು. ಅವರಿಗೆ ಕೊಟ್ಟ ಉತ್ತರ ಹೀಗಿತ್ತು:

ಅಮ್ಮಾ, ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ರೋಗಿಯ ಹಕ್ಕು ಎಂದು 2017ರ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಪ್ರಾಣಾಪಾಯದಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ ನಾವು ಅದನ್ನು ಕಾಲೇಜಿಗಾಗಲಿ, ನೆಂಟರಿಗಾಗಲಿ, ಕೆಲಸ ಕೊಡುವವರಿಗಾಗಲಿ ಕೊಡುವುದಿಲ್ಲ. ಒಂದು ವೇಳೆ ಅವನ ಮೇಲೆ ಈಗಾಗಲೇ ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸು ಇದ್ದರೂ, ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ 1985ರ ಮಾದಕ ವಸ್ತುಗಳ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದನ್ನೂ ಅವನಿಗೆ ತಿಳಿಸಿ. ಅವನಿಗೆ ಇನ್ನೂ ಹದಿನೆಂಟು ತುಂಬಿಲ್ಲವಾದ್ದರಿಂದ ಮುಖ್ಯ ನಿರ್ಧಾರಗಳಲ್ಲಿ ನೀವು ಜೊತೆಗಿರುತ್ತೀರಿ. ಆದರೆ ಮೊದಲ ದಿನ ಅರ್ಧ ಗಂಟೆ ಅವನನ್ನು ನಮ್ಮೊಡನೆ ಒಬ್ಬನೇ ಕೂರಲು ಬಿಡಿ. ಬಿಟ್ಟ ಮೇಲೆ ಮತ್ತೆ ಒಂದೆರಡು ಸಲ ಸೇದಿದರೆ ಎಲ್ಲ ಮುಗಿಯಿತು ಎಂದು ಕಂಗೆಡಬೇಡಿ, ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅಂದೇ ಕರೆತನ್ನಿ. ಬರುವಾಗ ಅವನ ಹಳೆಯ ಚೀಟಿಗಳಿದ್ದರೆ ತನ್ನಿ, ಹಿಂದೆ ಕೊಟ್ಟ ಮಾತ್ರೆಗಳ ಖಾಲಿ ಪಟ್ಟಿಗಳಿದ್ದರೆ ಅವನ್ನೂ ತನ್ನಿ. ಏನೂ ಇಲ್ಲದಿದ್ದರೂ ಬನ್ನಿ.